ಮುಚ್ಚಿ ಮುಚ್ಚಿ ತೆರೆದ ಅಂಗಡಿ

1939ರಲ್ಲಿ ಮಾಯಕೊಂಡದ ಸುತ್ತ ಈಚಲು ಮರಗಳಿಗೆ ಕೊಡಲಿ ಬಿತ್ತು. ಸೌದೆಗೆ ಬಂದವರು ಹಾಡಹಗಲೇ ಊರೆಲ್ಲ ನೋಡುವಂತೆ ಮರ ಕಡಿಯುವುದಿಲ್ಲ. ಇವರು ಕಾಂಗ್ರೆಸ್ಸಿನವರು, ಹಿಡಿದೊಯ್ಯಲಿ ಎಂದೇ ಕಡಿಯುತ್ತಿದ್ದರು. ಅವರ ನಡುವೆ ಬಳ್ಳಾರಿ ಸಿದ್ದಮ್ಮ ಇದ್ದರು. ಹಾವೇರಿ ಕಡೆ ಹುಟ್ಟಿ ದಾವಣಗೆರೆಯಲ್ಲಿ ನೆಲೆಸಿದ ಹೆಣ್ಣುಮಗಳು, ಹಿಂದಿನ ವರ್ಷವಷ್ಟೇ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಬಂದಿದ್ದವರು. ಮರ ಕಡಿದದ್ದಕ್ಕೆ ಜೈಲಾಯಿತು. ಮೈಸೂರು ಸಂಸ್ಥಾನದಲ್ಲಿ ಚಳವಳಿಗಾಗಿ ಸೆರೆಮನೆ ಕಂಡ ಮೊದಲ ಹೆಣ್ಣು ಎಂದು ಅವರನ್ನು ಈಗಲೂ ನೆನೆಯುವವರಿದ್ದಾರೆ. ಅದೇ ವರ್ಷ ಚಿತ್ರದುರ್ಗಕ್ಕೆ ಹತ್ತಿರದ ತುರುವನೂರಿನಲ್ಲೂ ಇದೇ ಸತ್ಯಾಗ್ರಹ ನಡೆಯಿತು. ಅಲ್ಲಿ ಮುಂದೆ ನಿಂತವರಲ್ಲಿ ಒಬ್ಬರು ಹಲವಾಗಲು ಗ್ರಾಮದ ವಕೀಲ ಎಸ್. ನಿಜಲಿಂಗಪ್ಪ. ಅವರಿಗೂ ಜೈಲಾಯಿತು, ವಕೀಲಿ ಸನದೂ ಹೋಯಿತು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇಪ್ಪತ್ತೆಂಟು ವರ್ಷದ ನಂತರ ಇವರು ಮತ್ತೆ ಬರುತ್ತಾರೆ, ಬೇರೆ ಕುರ್ಚಿಯಲ್ಲಿ ಕೂತು.

ಮಾಯಕೊಂಡದಿಂದ ತ್ಯಾವಣಿಗೆ ದೂರವೇನಲ್ಲ. ಆದರೆ ಆಗ ನಡುವೆ ಜಿಲ್ಲೆಯ ಗಡಿ ಇತ್ತು. ಮಾಯಕೊಂಡ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರೆ, ತ್ಯಾವಣಿಗೆ ಶಿವಮೊಗ್ಗ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನದು. ಚನ್ನಗಿರಿ, ಹೊನ್ನಾಳಿಗಳು ಒಂದು ಕಡೆಯಿಂದ, ಜಗಳೂರು, ದಾವಣಗೆರೆಗಳು ಇನ್ನೊಂದು ಕಡೆಯಿಂದ ಬಂದು ದಾವಣಗೆರೆ ಎಂಬ ಒಂದೇ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಗಡಿ ಏನೇ ಇರಲಿ, ಎರಡೂ ಕಡೆ ಹಳ್ಳದ ದಂಡೆಯಲ್ಲಿ ಅದೇ ಈಚಲು, ಊರ ಹೊರಗೆ ಅದೇ ಹೆಂಡದಂಗಡಿ. ಆ ಅಂಗಡಿಯೇ ಮುಂದೆ ಸಾರಾಯಿ ಅಂಗಡಿಯಾಯಿತು, ಆಮೇಲೆ ವೈನ್ ಶಾಪಾಯಿತು, ಬಾರಾಯಿತು. ದೇವಸ್ಥಾನ, ಶಾಲೆ, ಸಂತೆಮಾಳಗಳಿಗೆಲ್ಲ ಸ್ಥಳಪುರಾಣ ಉಂಟು. ಊರಿನ ಅರ್ಧ ಜನ ದಿನಾ ಸಂಜೆ ಹೋಗಿ ಬರುವ ಈ ಜಾಗಕ್ಕೆ ಮಾತ್ರ ಯಾರೂ ಚರಿತ್ರೆ ಬರೆಯುವುದಿಲ್ಲ. ಅದು ಕುಡುಕರ ಜಾಗ, ಅದಕ್ಕೆಂಥ ಚರಿತ್ರೆ ಎಂಬ ಭಾವನೆ ಇರಬೇಕು. ದಾಖಲೆ ತೆರೆದರೆ ಕುಡುಕ ಅಲ್ಲಿ ಕೊನೆಗೆ ಬರುವವನು. ಅವನಿಗಿಂತ ಮೊದಲು ಗುತ್ತಿಗೆದಾರ ಬರುತ್ತಾನೆ, ಅವನಿಗಿಂತಲೂ ಮೊದಲು ಖಜಾನೆ.

ಸತ್ಯಾಗ್ರಹಿಗಳು ಬೇರೆಲ್ಲ ಮರ ಬಿಟ್ಟು ಈಚಲಿಗೇ ಏಕೆ ಕೈ ಹಾಕಿದರು? ಈಚಲು ಯಾರೂ ನೆಟ್ಟ ಮರವಲ್ಲ, ಸರ್ಕಾರಿ ನೆಲದಲ್ಲಿ ತಾನೇ ಹುಟ್ಟುವುದು. ಕಡಿದರೆ ಅರಣ್ಯ ಕಾನೂನು ಮುರಿದಂತೆ. ಅದರ ನೀರಾ ಹುಳಿತರೆ ಹೆಂಡ. ಇಳಿಸುವ ಹಕ್ಕಿಗೆ ಗುತ್ತಿಗೆ, ಮರಕ್ಕೆ ತೆರಿಗೆ. ಹಾಗಾಗಿ ಕಡಿದರೆ ಅಬಕಾರಿಗೂ ಪೆಟ್ಟು. ಜೊತೆಗೆ ಕುಡಿತ ಬಿಡಿಸುವ ಗಾಂಧಿಯವರ ಕಾರ್ಯಕ್ರಮವೂ ಒಂದಿಷ್ಟು ನಡೆದಂತೆ. ಒಂದೇ ಏಟಿಗೆ ಇಷ್ಟೆಲ್ಲ ದಕ್ಕುವ ಇನ್ನೊಂದು ಮರ ಸಂಸ್ಥಾನದಲ್ಲಿ ಇರಲಿಲ್ಲ. ಭೂಕಂದಾಯ, ಕೋಲಾರದ ಚಿನ್ನದ ರಾಯಧನಗಳ ಜೊತೆಗೆ ಮೈಸೂರಿನ ಬೊಕ್ಕಸವನ್ನು ಹೊತ್ತಿದ್ದ ದೊಡ್ಡ ಕಂಬಗಳಲ್ಲಿ ಅಬಕಾರಿಯೂ ಒಂದಾಗಿತ್ತು. ಮರ ಕಡಿದ ರೈತರಿಗೆ ಅಂಕಿಅಂಶ ಗೊತ್ತಿರಲಿಲ್ಲವಾದರೂ ಪೆಟ್ಟು ಎಲ್ಲಿ ತಗಲುತ್ತದೆ ಎಂಬುದು ಗೊತ್ತಿತ್ತು.

ಈ ಗುತ್ತಿಗೆ ಪದ್ಧತಿ ಹಳೆಯದು. ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಮದ್ಯವನ್ನು ನಿಲ್ಲಿಸಲು ಹೊರಟ. ಅದಕ್ಕೆ ಧರ್ಮಶ್ರದ್ಧೆ ಕಾರಣವೆನ್ನುವ ಇತಿಹಾಸಕಾರರೂ ಇದ್ದಾರೆ, ದುಡಿಯುವ ಪ್ರಜೆ ಕುಡಿದು ಹಾಳಾದರೆ ರಾಜ್ಯಕ್ಕೇ ನಷ್ಟ ಎಂಬ ಲೆಕ್ಕಾಚಾರ ಕಾಣುವವರೂ ಇದ್ದಾರೆ. ಎರಡೂ ಇದ್ದಿರಬಹುದು. ಅಂತೂ ತನ್ನ ಆದಾಯವನ್ನು ತಾನೇ ಬಿಟ್ಟುಕೊಟ್ಟ ಅರಸ ಎಂಬ ಮಟ್ಟಿಗೆ ಅವನೊಬ್ಬ ಅಪರೂಪದವನು. 1799ರಲ್ಲಿ ಅವನು ಬಿದ್ದ ಮೇಲೆ ಅಂಗಡಿಗಳು ಮತ್ತೆ ತೆರೆದವು, ಗುತ್ತಿಗೆ ಮತ್ತೆ ಕೂಗಿದರು.

1830-31ರಲ್ಲಿ ಇದೇ ಹೊನ್ನಾಳಿ, ಚನ್ನಗಿರಿ, ಬಸವಾಪಟ್ಟಣಗಳ ರೈತರು ದಂಗೆಯೆದ್ದರು. ಚರಿತ್ರೆಯಲ್ಲಿ ಅದು ನಗರದ ದಂಗೆ. ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರ ಮೊದಲೇ ಒಪ್ಪಿಕೊಂಡು, ಆಮೇಲೆ ರೈತನ ಚರ್ಮ ಸುಲಿದು ವಸೂಲಿ ಮಾಡುವ ಶರತ್ತು ಪದ್ಧತಿ ಅದಕ್ಕೊಂದು ಮುಖ್ಯ ಕಾರಣ. ದಂಗೆ ಅಡಗಿತು, ಮುಮ್ಮಡಿ ಕೃಷ್ಣರಾಜರ ಕೈಯಿಂದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು, ನೆಲದ ಕಂದಾಯಕ್ಕೆ ಬೇರೆ ಕ್ರಮ ಬಂತು. ಹೆಂಡ ಸಾರಾಯಿಗಳ ಮಟ್ಟಿಗೆ ಮಾತ್ರ ಅದೇ ಹಳೆಯ ತತ್ವ ಉಳಿಯಿತು: ಮೊದಲು ದೊಡ್ಡ ಮೊತ್ತಕ್ಕೆ ಕೂಗು, ಕಟ್ಟು, ಆಮೇಲೆ ಹೇಗಾದರೂ ವಸೂಲು ಮಾಡಿಕೊ. ರೈತ ಹೊಲದಲ್ಲಿ ಒಪ್ಪದೆ ಹೋದದ್ದನ್ನು ಅಂಗಡಿಯಲ್ಲಿ ಒಪ್ಪಿಕೊಂಡ. ದಂಗೆಯೆದ್ದದ್ದು ತನಗೆ ಬೇಕಿಲ್ಲದ ತೆರಿಗೆಯ ವಿರುದ್ಧ. ಇದು ತಾನೇ ಕೈಯಾರೆ ಚಾಚಿ ಕೊಡುವ ತೆರಿಗೆ.

ಆ ಕಾಲದ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದದ್ದು ಬಹುಮಟ್ಟಿಗೆ ಹೆಂಡವೇ. 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ ಸೃಷ್ಟಿಸಿದ ರತ್ನ ಎಂಬ ಕುಡುಕನೂ ಹೆಂಡದವನೇ. ಅವನನ್ನು ಕನ್ನಡಿಗರು ಮನೆಯ ಮಗನಂತೆ ಪ್ರೀತಿಸಿದರು. ಸಾರಾಯಿ ಕುಡಿಯುವವನೊಬ್ಬನಿಗೆ ಅಂಥ ಪ್ರೀತಿ ಸಿಕ್ಕಿದ್ದು ನಮ್ಮ ಸಾಹಿತ್ಯದಲ್ಲಿ ನನಗಂತೂ ಕಂಡಿಲ್ಲ. ಹೆಂಡ ಊರಿನ ಹಳ್ಳದಲ್ಲಿ ಹುಟ್ಟಿ ಊರಿನಲ್ಲೇ ಖರ್ಚಾಗುವ ಪದಾರ್ಥ, ಒಂದು ದಿನ ಇಟ್ಟರೆ ಹುಳಿದು ಹೋಗುತ್ತದೆ, ದೂರ ಸಾಗಿಸಲಾಗದು. ಸಾರಾಯಿ ಕಾಕಂಬಿಯಿಂದ ಕಾರ್ಖಾನೆಯಲ್ಲಿ ಇಳಿದು, ಪೀಪಾಯಿಯಲ್ಲಿ ತುಂಬಿ, ತಾಲ್ಲೂಕಿನ ಡಿಪೋಗೆ ಬಂದು, ಅಳತೆಗೆ ಸಿಕ್ಕು, ರಸೀದಿಗೆ ಹತ್ತುವ ಮಾಲು. ಸರ್ಕಾರಕ್ಕೆ ಯಾವುದು ಹಿತವೆನಿಸಿತೆಂದು ಬೇರೆ ಹೇಳಬೇಕಿಲ್ಲ. ವಸಾಹತು ಕಾಲದ ಅಬಕಾರಿ ನೀತಿಯ ಬಗ್ಗೆ ವಿದ್ವಾಂಸರಲ್ಲಿ ವಾಗ್ವಾದವಿದೆ. ಕುಡಿತವನ್ನು ಹಿಡಿತದಲ್ಲಿಡಲೆಂದೇ ಡಿಸ್ಟಿಲರಿಗಳನ್ನು ಒಂದು ಕಡೆ ಕೂಡಿಸಿದರು ಎಂದು ಅಂದಿನ ಅಧಿಕಾರಿಗಳ ಬರಹ. ಲೆಕ್ಕಕ್ಕೆ ಸಿಗುವ ಸಾರಾಯಿಯನ್ನು ಬೆಳೆಸಿ, ಸಿಗದ ಹೆಂಡವನ್ನು ಒತ್ತಿದರು ಎಂದು ನಂತರದವರ ವಾದ. ಫಲ ನೋಡಿದರೆ ಎರಡನೆಯವರ ಮಾತೇ ತೂಗುತ್ತದೆ.

ಸ್ವಾತಂತ್ರ್ಯ ಬಂತು. ಮರ ಕಡಿದವರೇ ಅಧಿಕಾರಕ್ಕೆ ಬಂದರು. ಸಂವಿಧಾನದ 47ನೇ ವಿಧಿಯಲ್ಲಿ ಪಾನನಿಷೇಧ ರಾಜ್ಯದ ಗುರಿ ಎಂದು ಬರೆದಾಯಿತು. ಮುಂಬೈ ಪ್ರಾಂತ್ಯ 1950ರಲ್ಲಿ ಪೂರ್ತಿ ಒಣಗಿತು, ಮದರಾಸು ಅದಕ್ಕೂ ಮೊದಲೇ. ಹಾಗಾಗಿ ತುಂಗಭದ್ರೆಯ ಆಚೆ ರಾಣೆಬೆನ್ನೂರಿನಲ್ಲಿ ಹನಿ ಇಲ್ಲ, ಹರಪನಹಳ್ಳಿಯಲ್ಲೂ ಇಲ್ಲ. ಮೈಸೂರು 1948ರ ನಂತರ ಜಿಲ್ಲೆ ಜಿಲ್ಲೆಯಾಗಿ, ಹಿಂದೆ ಮುಂದೆ ನೋಡುತ್ತ ನಿಷೇಧ ತಂದಿತು. 1956ರಲ್ಲಿ ರಾಜ್ಯ ಒಂದಾದಾಗ ಮುಂಬೈ, ಮದರಾಸುಗಳಿಂದ ಬಂದ ಭಾಗ ಒಣ, ಹೈದರಾಬಾದಿನಿಂದ ಬಂದದ್ದು ಹಸಿ, ಹಳೇ ಮೈಸೂರು ಅರೆಬರೆ. ನಕ್ಷೆಯ ಮೇಲೆ ಒಂದಾದ ನಾಡಿಗೆ ಕುಡಿಯುವುದರಲ್ಲಿ ಒಂದೇ ಕಾನೂನು ತರಲು 1961ರಲ್ಲಿ ಪಾನನಿಷೇಧ ಕಾಯ್ದೆಯನ್ನೂ ಮಾಡಿದರು.

ಅಂಗಡಿ ಮುಚ್ಚಿದ ಆ ವರ್ಷಗಳಲ್ಲಿ ಕುಡಿತ ನಿಂತಿತೆ? ಕೇಂದ್ರ ಸರ್ಕಾರ 1963ರಲ್ಲಿ ನೇಮಿಸಿದ ಟೇಕ್‌ಚಂದ್ ಸಮಿತಿ ದೇಶವೆಲ್ಲ ತಿರುಗಿ, ನಿಷೇಧ ಮುಂದುವರಿಯಬೇಕು ಎಂದೇ ಹೇಳಿತು. ಆದರೆ ಅದರ ವರದಿಯಲ್ಲಿ ಕಳ್ಳಭಟ್ಟಿಯ ವಿವರಗಳೂ ಧಾರಾಳವಾಗಿದ್ದವು. ಬೆಲ್ಲ, ಜಾಲಿ ತೊಗಟೆ, ನವಸಾಗರ, ಒಂದು ಮಡಕೆ ಇದ್ದರೆ ಸಾಕು. ಕಬ್ಬು ಬೆಳೆಯುವ, ಗುಡ್ಡಗಾಡಿರುವ ಯಾವ ತಾಲ್ಲೂಕಿಗೂ ಅದು ಹೊಸ ವಿದ್ಯೆಯಲ್ಲ. ಕಳ್ಳಭಟ್ಟಿಯಿಂದ ಪೊಲೀಸರಿಗೆ ಮಾಮೂಲು ಸಿಗುತ್ತಿತ್ತು, ಖಜಾನೆಗೆ ಕವಡೆಯೂ ಇಲ್ಲ. 1965-66ರ ಬರ, ಅನ್ನಕ್ಕೂ ಅಮೆರಿಕದ ಗೋಧಿ ನಂಬಿದ ಕಾಲ. ಅಣೆಕಟ್ಟು, ರಸ್ತೆ, ವಿದ್ಯುತ್ತು ಎಂದು ಯೋಜನೆಗಳು ಬಾಯಿ ತೆರೆದು ಕೂತಿದ್ದವು.

1967ರ ಅಕ್ಟೋಬರ್ 1ರಂದು, ಅಂದರೆ ಗಾಂಧಿ ಜಯಂತಿಯ ಹಿಂದಿನ ದಿನ, ಮೈಸೂರು ಅಬಕಾರಿ ಕಾಯ್ದೆ ಜಾರಿಗೆ ಬಂತು. ನಿಷೇಧ ಹೋಯಿತು, ಅಂಗಡಿ ತೆರೆಯಿತು. ಆ ದಿನ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ.

ಇದನ್ನು ಬರೀ ವ್ಯಂಗ್ಯ ಎಂದು ತಳ್ಳಿಹಾಕುವುದು ಸುಲಭ. ನಿಜಲಿಂಗಪ್ಪನವರು ಸ್ವಂತ ಬದುಕಿನಲ್ಲಿ ಶುದ್ಧರು, ಅವರ ವೈರಿಗಳೂ ಅದನ್ನು ಒಪ್ಪುತ್ತಾರೆ. ತುರುವನೂರಿನಲ್ಲಿ ಅವರು ಮರ ಕಡಿದಾಗ ಖಜಾನೆ ದಿವಾನರದಾಗಿತ್ತು. 1967ರಲ್ಲಿ ಅದು ಅವರದೇ. ಬೇರೆಯವರ ಖಜಾನೆಯ ಕಂಬ ಕಡಿಯುವುದಕ್ಕೂ ತನ್ನ ಖಜಾನೆಯ ಕಂಬ ಕಡಿಯುವುದಕ್ಕೂ ವ್ಯತ್ಯಾಸವಿದೆ. ಅಂದಿನಿಂದ ಇಂದಿನವರೆಗೆ ಆ ಕುರ್ಚಿಯಲ್ಲಿ ಕೂತ ಯಾರಿಗೂ ಅದನ್ನು ಮತ್ತೆ ಪೂರ್ತಿ ಕಡಿಯಲು ಆಗಿಲ್ಲ. ಹಾಗಾಗಿ 1967 ಈ ಕಥೆಯ ನಿಜವಾದ ತಿರುವು. ಆಮೇಲಿನದೆಲ್ಲ ಆ ದಿನದ ಬೆಳೆ.

ಕಾಯ್ದೆಯ ಹಿಂದೆಯೇ ನಿಯಮಗಳು ಬಂದವು. 1968ರ ನಿಯಮಗಳಲ್ಲಿ ವಿದೇಶಿ ಮದ್ಯದ ಅಂಗಡಿಗಳಿಗೆ ಸಿಎಲ್-2, ಕ್ಲಬ್ಬುಗಳಿಗೆ ಸಿಎಲ್-4, ವಸತಿಗೃಹಗಳಿಗೆ ಸಿಎಲ್-7, ಬಾರುಗಳಿಗೆ ಸಿಎಲ್-9 ಎಂದು ಸನದುಗಳಿಗೆ ಅಂಕಿ ಬಿತ್ತು. ಇವತ್ತಿಗೂ ವ್ಯಾಪಾರದವರ ಬಾಯಲ್ಲಿ ಇವೇ ಅಂಕಿಗಳು. ಆದರೆ ಹಳ್ಳಿಗಳಲ್ಲಿ ಆಗ ಬ್ರಾಂದಿ, ವಿಸ್ಕಿ ಕೇಳುವವರು ಯಾರು? ಅಲ್ಲಿನ ದೊರೆ ಸಾರಾಯಿ. ಅದಕ್ಕೆ 1969ರ ನಿಯಮದಂತೆ ಹರಾಜು. ಜುಲೈ 1ಕ್ಕೆ ಅಬಕಾರಿ ವರ್ಷ ಆರಂಭ, ಅದಕ್ಕೆ ಮೊದಲು ಅಂಗಡಿಗಳ ಗುಂಪಿಗೆ ಕೂಗು. ಗೆದ್ದವನು ತಿಂಗಳು ತಿಂಗಳು ಕಿಸ್ತು ಕಟ್ಟಬೇಕು, ಇಷ್ಟು ಲೀಟರು ಎತ್ತುವಳಿ ಮಾಡಲೇಬೇಕು. ಎತ್ತಿದ ಮೇಲೆ ಮಾರಲೇಬೇಕು. ಜನ ಕಡಿಮೆ ಕುಡಿದರೆ ಮುಳುಗುವವನು ಗುತ್ತಿಗೆದಾರ. ಹೀಗಾಗಿ ಅವನು ಅಂಗಡಿಯನ್ನು ಇನ್ನಷ್ಟು ಹಳ್ಳಿಗೆ, ಹಟ್ಟಿಗೆ, ಹೊಲದ ಬದುವಿಗೆ ಒಯ್ದ. ಒಂದು ಸನದಿನ ನೆರಳಲ್ಲಿ ಹತ್ತು ಉಪ ಅಂಗಡಿಗಳು ಹುಟ್ಟಿಕೊಂಡವು. ಪಕ್ಕದ ಗುತ್ತಿಗೆಯ ಮಾಲು ತನ್ನ ಸರಹದ್ದಿಗೆ ನುಸುಳದಂತೆ, ಕಳ್ಳಭಟ್ಟಿ ಕಾಯಿಸದಂತೆ ನೋಡಿಕೊಳ್ಳಲು ಅವನದೇ ಜೀಪು, ಅವನದೇ ಗರಡಿ ಮೈಯ ಆಳುಗಳು. ರಾತ್ರಿ ಹೊತ್ತು ಆ ಜೀಪು ಹಟ್ಟಿಗೆ ಬಂದರೆ ಪೊಲೀಸ್ ಜೀಪಿಗಿಂತ ಹೆಚ್ಚು ಭಯ.

ಈ ಸೀಮೆಗೆ ಅದೇ ಕಾಲದಲ್ಲಿ ಇನ್ನೊಂದು ಹೊಳೆ ಬಂತು. 1947ರಲ್ಲಿ ಶುರುವಾದ ಭದ್ರಾ ಅಣೆಕಟ್ಟು 1960ರ ದಶಕದ ಹೊತ್ತಿಗೆ ಮುಗಿದು, ಬಲದಂಡೆ ನಾಲೆಯ ನೀರು ಚನ್ನಗಿರಿ, ದಾವಣಗೆರೆ, ಹರಿಹರದ ಹೊಲಗಳಿಗೆ ಇಳಿಯಿತು. ಜೋಳ, ರಾಗಿ ಬೆಳೆಯುತ್ತಿದ್ದ ಹೊಲ ಗದ್ದೆಯಾಯಿತು. ವರ್ಷಕ್ಕೆ ಎರಡು ಬಾರಿ ನಾಟಿ, ಎರಡು ಬಾರಿ ಕೊಯ್ಲು. ಮುಂದೆ ಅಡಿಕೆ ಬಂತು, ಚೇಣಿದಾರರು ಬಂದರು, ಕೊನೆ ಕೊಯ್ಯುವ, ಸುಲಿಯುವ, ಬೇಯಿಸುವ ಕೂಲಿಯವರ ತಂಡಗಳು ಬಂದವು. ಕೈಗೆ ನಗದು ಬರುವ ದಿನಗಳು ಹೆಚ್ಚಾದವು. ಬಟವಾಡೆಯ ಸಂಜೆ ಅಂಗಡಿಯ ಮುಂದೆ ಜಾತ್ರೆ. ಹಾಗೆಂದು ನೀರಾವರಿಯೇ ಕುಡಿತ ತಂದಿತು ಎನ್ನಲಾಗದು. ನಾಲೆಯ ಹನಿ ಕಾಣದ ಜಗಳೂರಿನಲ್ಲೂ ಅಂಗಡಿಗಳಿಗೆ ಬರವಿರಲಿಲ್ಲ. ಅಲ್ಲಿ ಮಳೆ ಬಾರದ ವರ್ಷ ಜನ ಗುಳೆ ಹೋದರು. ಉಳಿದವರು ಅಂಗಡಿಗೆ ಹೋದರು.

ಆ ಅಂಗಡಿ ಹೇಗಿತ್ತು ಎಂಬುದನ್ನು ಐವತ್ತು ದಾಟಿದ ಯಾರನ್ನು ಕೇಳಿದರೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಊರಿನಿಂದ ಒಂದಿಷ್ಟು ಆಚೆ, ಸಾಮಾನ್ಯವಾಗಿ ದಲಿತರ ಕೇರಿಗೆ ಹತ್ತಿರ. ತಗಡಿನ ಮಾಡು, ಅರ್ಧ ಗೋಡೆ, ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರ: ಸರ್ಕಾರಿ ಸಾರಾಯಿ ಅಂಗಡಿ. ಒಳಗೆ ಕಟ್ಟೆ, ಕಟ್ಟೆಯ ಹಿಂದೆ ಕ್ಯಾನು, ಅಳತೆಯ ಪಾವು. ಕೂರಲು ಜಾಗವಿಲ್ಲ, ನಿಂತೇ ಹಾಕಬೇಕು. ನಾಲ್ಕೈದು ಗಾಜಿನ ಲೋಟ, ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆದು ಮುಂದಿನವನಿಗೆ. ಊರೊಳಗೆ ಒಬ್ಬರ ಲೋಟ ಇನ್ನೊಬ್ಬರು ಮುಟ್ಟದ ಕಾಲದಲ್ಲಿ ಇಲ್ಲಿ ಲೋಟಕ್ಕೆ ಜಾತಿ ಹೇಳುವವರು ಕಡಿಮೆ. ಇದನ್ನೇ ಹಿಡಿದು ಸಾರಾಯಿ ಅಂಗಡಿಯಲ್ಲಿ ಸಮಾನತೆ ಇತ್ತೆಂದು ಹಾಡಿ ಹೊಗಳುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೇಲಿನ ಕೇರಿಯವರು ಅಲ್ಲಿಗೆ ಬರುತ್ತಿದ್ದದ್ದು ಕತ್ತಲಾದ ಮೇಲೆ, ಇಲ್ಲವೇ ಆಳನ್ನು ಕಳಿಸಿ ತರಿಸಿಕೊಳ್ಳುತ್ತಿದ್ದರು. ಬೆಳಕಿನಲ್ಲಿ ನಿಂತು ಕುಡಿದ ಹೆಸರು ಮಾತ್ರ ಬಡವನಿಗೇ ಬಂತು.

ಅಂಗಡಿಯ ಹೊರಗೆ ಇನ್ನೊಂದು ಸಂಸಾರ. ಮೊರದಲ್ಲಿ ಖಾರ ಮಂಡಕ್ಕಿ, ಶೇಂಗಾ, ಬೇಯಿಸಿದ ಮೊಟ್ಟೆ, ಬೋಟಿ ಸಾರು ಮಾರುವ ಹೆಂಗಸರು. ಎಷ್ಟೋ ಕಡೆ ಹಾಗೆ ಮಾರುವವಳ ಗಂಡನೇ ಒಳಗೆ ನಿಂತಿರುತ್ತಿದ್ದ. ಅವಳು ದುಡಿದದ್ದು ಕಟ್ಟೆಯ ಆ ಕಡೆ ಹೋಗುತ್ತಿತ್ತು. ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿ ನಾಡಿಗೆಲ್ಲ ಪ್ರಸಿದ್ಧ. ಅದರ ವ್ಯಾಪಾರದಲ್ಲಿ ಸಾರಾಯಿ ಅಂಗಡಿಗಳ ಪಾಲನ್ನು ಯಾರೂ ಹೇಳುವುದಿಲ್ಲ. ಬೆಳಗಿನ ಜಾವವೇ ಬಾಗಿಲು ತೆಗೆಯುವ ಅಂಗಡಿಗಳಿದ್ದವು. ಕೈ ನಡುಕ ನಿಲ್ಲಿಸಿಕೊಂಡು ಕೆಲಸಕ್ಕೆ ಹೋಗುವವರಿಗೆ ಅದು ಬೇಕಿತ್ತು. ಕೂಲಿ ಚೀಟಿ ಒತ್ತೆಯಿಟ್ಟುಕೊಂಡು ಉದ್ದರಿ ಕೊಡುವ ಲೆಕ್ಕದ ಪುಸ್ತಕವೂ ಇರುತ್ತಿತ್ತು. ಪಂಚಾಯ್ತಿ ಸುದ್ದಿ, ದನದ ವ್ಯಾಪಾರ, ಹೆಣ್ಣು ನೋಡುವ ಮಾತು, ಹೊಡೆದಾಟ, ರಾಜಿ ಎಲ್ಲಕ್ಕೂ ಅದೇ ಜಾಗ.

1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಬಿಡಿ ಸಾರಾಯಿಯ ಹೆಸರು ಕೆಟ್ಟಿತು. ಮುಚ್ಚಳ ಹಾಕಿದ ಬಾಟಲಿಯಲ್ಲಿ ಕಲಬೆರಕೆ ಕಷ್ಟ ಎಂಬ ವಾದ ಬಂತು. ಬಾಟಲಿ ಎಂದರೆ ಅದನ್ನು ತುಂಬುವ ಗುತ್ತಿಗೆ, ಗುತ್ತಿಗೆ ಎಂದರೆ ಅದನ್ನು ಯಾರಿಗೆ ಕೊಟ್ಟಿರಿ ಎಂಬ ಪ್ರಶ್ನೆ. 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳ ವಿಷಯದಲ್ಲಿ ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು, ಮೂರು ದಿನಕ್ಕೆ ಹಿಂದಕ್ಕೆ ಪಡೆದರು. ಹಳ್ಳಿಯ ಕಟ್ಟೆಯ ಮೇಲಿನ ಪಾವು ವಿಧಾನಸೌಧದ ಮೂರನೇ ಮಹಡಿಯನ್ನು ಅಲ್ಲಾಡಿಸಬಲ್ಲದೆಂದು ನಾಡಿಗೆ ತಿಳಿದದ್ದು ಆಗ. ಚುನಾವಣೆಗೆ ಹಣ ಎಲ್ಲಿಂದ ಬರುತ್ತದೆ, ಯಾವ ಪಕ್ಷದ ಹಿಂದೆ ಯಾವ ಸಾರಾಯಿ ದೊರೆ ಎಂಬುದು ಪತ್ರಿಕೆಗಳ ದಿನದ ಮಾತಾಯಿತು. ಆಮೇಲೆ ಬಾಟಲಿಯ ಜಾಗಕ್ಕೆ ಪ್ಲಾಸ್ಟಿಕ್ ಪ್ಯಾಕೆಟ್ ಬಂತು. ಹಲ್ಲಿನಲ್ಲಿ ಮೂಲೆ ಹರಿದು ಬಾಯಿಗೆ ಸುರಿದುಕೊಂಡರೆ ಮುಗಿಯಿತು, ಅಂಗಡಿಯ ಲೋಟವೂ ಬೇಡ, ನಿಲ್ಲುವುದೂ ಬೇಡ. ಪ್ಯಾಕೆಟ್ಟನ್ನು ಚೀಲದಲ್ಲಿ ತುಂಬಿ ಸೈಕಲ್ಲಿಗೆ ಕಟ್ಟಿ ಯಾವ ಹೊಲಕ್ಕಾದರೂ ಒಯ್ಯಬಹುದು. ಅಂಗಡಿಗೆ ಅಲ್ಲಿಗೆ ಕಾಲು ಬಂತು.

ವಿರೋಧದ ದನಿಯೂ ಇದೇ ಸೀಮೆಯಲ್ಲಿ ಹುಟ್ಟಿತು. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ, ನಮ್ಮ ಕೇರಿಗೆ ಹೆಂಡದಂಗಡಿ ಬೇಡ, ಮಕ್ಕಳಿಗೆ ವಸತಿ ಶಾಲೆ ಕೊಡಿ ಎಂದು ಕೇಳಿತು. ಗಾಂಧಿವಾದಿಗಳ ಪಾನನಿಷೇಧಕ್ಕೂ ಇದಕ್ಕೂ ಅಂತರವಿದೆ. ಕುಡಿಯುವವನ ನೀತಿಯ ಮಾತು ಇದರಲ್ಲಿ ಮೊದಲಿಗೆ ಬರುವುದಿಲ್ಲ. ಅಂಗಡಿಯನ್ನು ನಮ್ಮ ಮನೆ ಬಾಗಿಲಿಗೇ ತಂದಿಟ್ಟವರು ಯಾರು, ಏಕೆ ಎಂಬುದು ಮೊದಲ ಪ್ರಶ್ನೆ. 1990ರ ದಶಕದಲ್ಲಿ ಆಂಧ್ರದ ಗಾಳಿಯೂ ಬೀಸಿತು. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಯಿಂದ ಎದ್ದ ಹೆಂಗಸರು ಅಂಗಡಿ ಮುಚ್ಚಿಸಿದ್ದು, 1993ರ ಅಕ್ಟೋಬರ್ 1ರಂದು ಆ ಇಡೀ ರಾಜ್ಯದಲ್ಲಿ ಸಾರಾಯಿ ನಿಂತದ್ದು ಇಲ್ಲಿನ ಹೆಣ್ಣುಮಕ್ಕಳ ಕಿವಿಗೂ ಬಿತ್ತು.

ದಾವಣಗೆರೆ ಜಿಲ್ಲೆ ಹುಟ್ಟಿದಾಗ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲ್. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಸಮಾಜವಾದಿ. ತಮ್ಮ ಮದ್ಯದ ಒಲವನ್ನೂ ಮುಚ್ಚಿಡದೆ ಹೇಳಿಕೊಂಡು ನಗುತ್ತಿದ್ದವರು. ಒಳಗೆ ಕುಡಿದು ಹೊರಗೆ ಪಾನನಿಷೇಧದ ಭಾಷಣ ಮಾಡುವ ರಾಜಕಾರಣದಲ್ಲಿ ಅವರ ಬಾಯಿಬಿಚ್ಚುತನ ಜನರಿಗೆ ಹಿಡಿಸಿತು. ಅವರ ಕಾಲದಲ್ಲೂ ಸಾರಾಯಿ ಹರಾಜು ಯಥಾಪ್ರಕಾರ ನಡೆಯಿತು. ಮಾತಿನಲ್ಲಿ ಮಡಿವಂತಿಕೆ ಇದ್ದವರು, ಇಲ್ಲದವರು ಎಲ್ಲರೂ ಲೆಕ್ಕದಲ್ಲಿ ಒಂದೇ.

ಮುಂದಿನ ಪೆಟ್ಟು ಎರಡು ಹಂತದಲ್ಲಿ ಬಂತು. 2003ರ ಜುಲೈಯಿಂದ ವಿದೇಶಿ ಮದ್ಯದ ಸಗಟು ವ್ಯಾಪಾರವೆಲ್ಲ ಸರ್ಕಾರದ ಪಾನೀಯ ನಿಗಮಕ್ಕೆ ಹೋಯಿತು. ತೆರಿಗೆ ತಪ್ಪಿಸಿ ಹರಿಯುತ್ತಿದ್ದ ಸೆಕೆಂಡ್ಸ್ ಮಾಲಿಗೆ ಕಡಿವಾಣ ಬಿತ್ತು. ಬ್ರಾಂದಿ, ವಿಸ್ಕಿಯ ಒಂದೊಂದು ಬಾಟಲಿಯೂ ಲೆಕ್ಕಕ್ಕೆ ಸಿಕ್ಕ ಮೇಲೆ ಸಾರಾಯಿ ಇಲ್ಲದೆಯೂ ಖಜಾನೆ ನಡೆಯಬಲ್ಲದು ಎಂಬ ಧೈರ್ಯ ಬಂತು. 2007ರ ಮಾರ್ಚಿನ ಬಜೆಟ್ಟಿನಲ್ಲಿ ಹಣಕಾಸು ಖಾತೆ ಹೊತ್ತಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸಾರಾಯಿ ನಿಲ್ಲಿಸುವುದಾಗಿ ಹೇಳಿದರು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ. ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಇಲ್ಲ. ಎಷ್ಟೋ ಊರಲ್ಲಿ ಹೆಂಗಸರು ಪಟಾಕಿ ಹೊಡೆದರು. ನೀಲಿ ಹಲಗೆಗಳು ಇಳಿದವು.

ಈ ನಿಷೇಧವನ್ನು ತಂದದ್ದು ಯಾರು ಎಂಬುದರಲ್ಲಿ ಒಮ್ಮತವಿಲ್ಲ. ಸ್ತ್ರೀಶಕ್ತಿ ಸಂಘಗಳ, ಮಹಿಳಾ ಚಳವಳಿಗಳ ದಶಕಗಳ ಒತ್ತಡದ ಫಲವೆಂದು ಒಂದು ಪಕ್ಷ. ಸಾರಾಯಿ ದೊರೆಗಳ ರಾಜಕೀಯ ಹಿಡಿತ ಮುರಿಯುವ ಉಪಾಯವೆಂದು ಇನ್ನೊಂದು. ಸಾರಾಯಿ ಹೋದರೆ ಕುಡಿಯುವವನು ಬ್ರಾಂದಿಗೆ ಬರಲೇಬೇಕು, ಲಾಭ ಆ ಕಂಪನಿಗಳಿಗೆ ಎಂದು ಮೂರನೆಯ ವಾದ. ಮೂರರಲ್ಲೂ ಹುರುಳಿದೆ. ಆದರೆ ಮೊದಲ ವಾದವೊಂದೇ ನಿಜವಾಗಿದ್ದರೆ ಮುಂದೆ ನಡೆದದ್ದು ನಡೆಯುತ್ತಿರಲಿಲ್ಲ.

ನಡೆದದ್ದು ಇಷ್ಟು. ಸಾರಾಯಿ ಅಂಗಡಿ ಇದ್ದ ಊರುಗಳಿಗೆ ಅಗ್ಗದ ವಿಸ್ಕಿ, ಬ್ರಾಂದಿ ಬಂತು. 90 ಎಂಎಲ್‌ನ ಕಾಗದದ ಪೊಟ್ಟಣ, ಹಣ್ಣಿನ ರಸದ ಪೊಟ್ಟಣದಂತೆಯೇ. ಒಂದು ನೈಂಟಿ ಎಂದರೆ ಸಾಕು, ಬ್ರಾಂಡು ಕೇಳುವ ಗೋಜಿಲ್ಲ. ಸಾರಾಯಿಗಿಂತ ತೀಕ್ಷ್ಣ, ಸಾರಾಯಿಗಿಂತ ದುಬಾರಿ. ಕೂಲಿಯವನ ಕುಡಿತ ಕಡಿಮೆಯಾಯಿತೋ ಇಲ್ಲವೋ, ಕುಡಿತದ ಖರ್ಚು ಏರಿತು. ಸರ್ಕಾರದ ಅಬಕಾರಿ ಆದಾಯ ಕುಸಿಯಲಿಲ್ಲ, ಏರುತ್ತಲೇ ಹೋಯಿತು. ದುಡ್ಡಿಲ್ಲದವರು ಕಳ್ಳಮಾಲಿಗೆ ಹೋದರು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯ, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ವಿಷಮದ್ಯಕ್ಕೆ ನೂರೈವತ್ತಕ್ಕೂ ಹೆಚ್ಚು ಜನ ಬಲಿಯಾದರು. ಬಳಿಕ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆಯೇ ಊರೂರಿನಲ್ಲಿ ಮದ್ಯದ ಮಳಿಗೆ ತೆರೆಯಿತು. ಕೆಲ ವರ್ಷದಲ್ಲೇ ಹೊನ್ನಾಳಿಯ ಶಾಸಕ ಎಂ.ಪಿ. ರೇಣುಕಾಚಾರ್ಯ ಅಬಕಾರಿ ಸಚಿವರಾದರು. ಒಂದು ಕಾಲಕ್ಕೆ ಶರತ್ತು ಪದ್ಧತಿಯ ವಿರುದ್ಧ ದಂಗೆಯೆದ್ದಿದ್ದ ತಾಲ್ಲೂಕಿನವರ ಕೈಗೆ ರಾಜ್ಯದ ಅಬಕಾರಿ ಬಂದಂತಾಯಿತು.

ಹೊಸ ಸಿಎಲ್-2, ಸಿಎಲ್-9 ಸನದು ಕೊಡುವುದನ್ನು 1990ರ ದಶಕದ ಆರಂಭದಲ್ಲೇ ನಿಲ್ಲಿಸಿದ್ದರು. ಹಾಗಾಗಿ ಇದ್ದ ಸನದುಗಳಿಗೆ ಚಿನ್ನದ ಬೆಲೆ. ಅಪ್ಪನಿಂದ ಮಗನಿಗೆ, ಒಬ್ಬ ಸಾಹುಕಾರನಿಂದ ಇನ್ನೊಬ್ಬನಿಗೆ ಬಾಡಿಗೆ, ಪಾಲುದಾರಿಕೆ. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನ ಪಕ್ಕ, ಹೋಬಳಿಯ ವೃತ್ತದಲ್ಲಿ ಮೂರು ನಾಲ್ಕು ದಶಕದಿಂದ ಹೆಸರು ಬದಲಾಗದೆ ನಿಂತ ವೈನ್ಸ್, ಬಾರುಗಳು ಅದರ ಫಲ. ಇವುಗಳ ಒಳಗು ಹಳೆಯ ಸಾರಾಯಿ ಅಂಗಡಿಯ ಮೊಮ್ಮಗನಂತೆ. ಸಿಎಲ್-2ರಲ್ಲಿ ಅಲ್ಲೇ ಕುಡಿಯುವಂತಿಲ್ಲ ಎಂದು ಕಾನೂನು, ಆದರೆ ಕಂಬಿಯ ಕಿಂಡಿಯಲ್ಲಿ ಕೊಂಡವರು ಪಕ್ಕದ ಗೋಡೆಗೆ ಆತು ನಿಂತು ನೀರಿನ ಪ್ಯಾಕೆಟ್ ಹರಿಯುತ್ತಾರೆ. ಬಾರಿನಲ್ಲಿ ಮುಂದೆ ಸ್ಟ್ಯಾಂಡಿಂಗ್, ಒಳಗೆ ಮಬ್ಬು ದೀಪದ ಫ್ಯಾಮಿಲಿ ಸೆಕ್ಷನ್. ಯಾವ ಫ್ಯಾಮಿಲಿಯೂ ಅಲ್ಲಿಗೆ ಬಂದದ್ದಿಲ್ಲ. ನಿಂತು ಕುಡಿಯುವವನಿಗೆ ಶೇಂಗಾ, ಕೂತು ಕುಡಿಯುವವನಿಗೆ ಎಗ್ ಬುರ್ಜಿ. ಅಡಿಕೆ ಧಾರಣೆ ಏರಿದ ವರ್ಷ ನಿಂತವರು ಒಳಗೆ ಕೂರುತ್ತಾರೆ, ಇಳಿದ ವರ್ಷ ಕೂತವರು ಮತ್ತೆ ಹೊರಗೆ.

ಅಂಗಡಿ ಇಲ್ಲದ ಹಳ್ಳಿಗಳಲ್ಲಿ ಕಿರಾಣಿಯಲ್ಲಿ, ಗೂಡಂಗಡಿಯಲ್ಲಿ, ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿ ಪೊಟ್ಟಣ ಸಿಗುತ್ತದೆ, ಒಂದಕ್ಕೆ ಹತ್ತಿಪ್ಪತ್ತು ಹೆಚ್ಚು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡವೆಂದಿತು, ಚಿಕ್ಕ ಊರುಗಳಿಗೆ ಆಮೇಲೆ 220 ಮೀಟರ್ ಎಂದಿತು. ಅಂಗಡಿಯವರು ಟೇಪು ಹಿಡಿದು ಅಳೆದರು. ಕೆಲವು ಅಂಗಡಿ ಹಿಂದಕ್ಕೆ, ಊರೊಳಕ್ಕೆ ಸರಿದವು. ಊರ ಹೊರಗಿದ್ದ ಪೀಡೆ ಮನೆ ಮುಂದೆ ಬಂತು ಎಂದು ಹೆಂಗಸರ ಧರಣಿ ಶುರುವಾಯಿತು.

2019ರ ಜನವರಿ 19ರಂದು ಸಾವಿರಾರು ಹೆಣ್ಣುಮಕ್ಕಳು ಸಂಪೂರ್ಣ ಮದ್ಯನಿಷೇಧ ಕೇಳಿ ಬೆಂಗಳೂರಿಗೆ ನಡೆದು ಹೊರಟರು. ಹೊರಟ ಜಾಗ ಚಿತ್ರದುರ್ಗ. ಎಂಬತ್ತು ವರ್ಷದ ಹಿಂದೆ ಈಚಲು ಉರುಳಿದ ಜಿಲ್ಲೆಯದು. ರಾಯಚೂರು, ಕೊಪ್ಪಳ ಕಡೆಯ ಕೂಲಿ ಹೆಂಗಸರೇ ಹೆಚ್ಚು, ಸುಮಾರು 200 ಕಿಲೋಮೀಟರು, ಹೆದ್ದಾರಿಯ ಅಂಚಿನಲ್ಲಿ. ದಾರಿಯಲ್ಲಿ ವಾಹನ ಬಡಿದು ಒಬ್ಬ ತಾಯಿ ಪ್ರಾಣ ಬಿಟ್ಟರು. ಗಾಂಧಿ ಹುತಾತ್ಮರಾದ ಜನವರಿ 30ಕ್ಕೆ ಉಳಿದವರು ರಾಜಧಾನಿ ತಲುಪಿದರು. ಮುಖ್ಯಮಂತ್ರಿಯಾಗಿದ್ದವರು ಸಾರಾಯಿ ನಿಲ್ಲಿಸಿದ ಅದೇ ಕುಮಾರಸ್ವಾಮಿ. ಮದ್ಯ ನಿಲ್ಲಲಿಲ್ಲ.

ಮರುವರ್ಷ ನಿಂತಿತು, ಬೇರೆ ಕಾರಣಕ್ಕೆ. ಕೊರೊನಾ ಲಾಕ್‌ಡೌನಿನಲ್ಲಿ ಸುಮಾರು ನಲವತ್ತು ದಿನ ಎಲ್ಲ ಅಂಗಡಿಗಳೂ ಬಾಗಿಲು ಹಾಕಿದವು. ಯಾವ ಸತ್ಯಾಗ್ರಹಕ್ಕೂ ಆಗದಿದ್ದದ್ದು ಒಂದು ಆದೇಶಕ್ಕೆ ಆಯಿತು. ಎಷ್ಟೋ ಮನೆಗಳಲ್ಲಿ ಸಂಜೆ ಜಗಳವಿಲ್ಲದೆ ಕಳೆಯಿತೆಂದು ಹೆಂಗಸರು ಹೇಳಿದರು. ಕಳ್ಳಭಟ್ಟಿ ಮತ್ತೆ ಕುದಿಯಿತೆಂದು ಅಬಕಾರಿಯವರು ಹೇಳಿದರು. 2020ರ ಮೇ 4ರಂದು ವೈನ್ ಶಾಪುಗಳು ತೆರೆದಾಗ ಬೆಳಗಿನಿಂದಲೇ ಸಾಲು, ಸುಣ್ಣದಲ್ಲಿ ಬರೆದ ವೃತ್ತ, ವೃತ್ತದಲ್ಲಿ ಚಪ್ಪಲಿ. ಮೊದಲ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು, ಎರಡನೆಯ ದಿನ 197 ಕೋಟಿ. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ. ಆಸ್ಪತ್ರೆಗೆ, ಪಡಿತರಕ್ಕೆ ಹಣ ಬೇಕಾದ ಹೊತ್ತಿನಲ್ಲಿ ಆ ಸಾಲನ್ನು ಬೈಯುವ ಧೈರ್ಯ ಯಾವ ಪಕ್ಷಕ್ಕೂ ಇರಲಿಲ್ಲ.

2023ರ ಜುಲೈ ಬಜೆಟ್ಟಿನಲ್ಲಿ ಸಿದ್ದರಾಮಯ್ಯ ಸರ್ಕಾರ ಮದ್ಯದ ಎಲ್ಲ 18 ದರಪಟ್ಟಿಗಳಲ್ಲೂ ಹೆಚ್ಚುವರಿ ಸುಂಕ ಶೇ 20 ಏರಿಸಿತು, ಅಬಕಾರಿ ಇಲಾಖೆಗೆ 36,000 ಕೋಟಿಯ ಗುರಿ ಹಾಕಿತು. 2025-26ಕ್ಕೆ ಆ ಗುರಿ 40,000 ಕೋಟಿ. ಹೆಣ್ಣುಮಕ್ಕಳ ಕೈಗೆ ತಿಂಗಳು ತಿಂಗಳು ಬರುವ ಗ್ಯಾರಂಟಿ ಹಣಕ್ಕೆ ಇದೂ ಒಂದು ಮೂಲ. ಗಂಡನ ಕೈಯಿಂದ ವೈನ್ ಶಾಪಿಗೆ, ಅಲ್ಲಿಂದ ಖಜಾನೆಗೆ, ಖಜಾನೆಯಿಂದ ಹೆಂಡತಿಯ ಬ್ಯಾಂಕ್ ಖಾತೆಗೆ ಎಂದು ಹಳ್ಳಿಯವರೇ ತಮಾಷೆ ಮಾಡುತ್ತಾರೆ. ಅದೇ 2025-26ರ ಬಜೆಟ್ಟಿನಲ್ಲಿ ಇನ್ನೂ ಒಂದು ಸಾಲು ಇತ್ತು: ಮುಂದೆ ಮದ್ಯದ ಸನದುಗಳನ್ನು ಇ-ಹರಾಜಿನ ಮೂಲಕ ಹಂಚುವುದು. ಹರಾಜು ಮತ್ತೆ ಬಂದಿದೆ. ಈ ಸಲ ಕೂಗುವವರ ದನಿ ಕೇಳಿಸುವುದಿಲ್ಲ, ಬೆಂಗಳೂರಿನಲ್ಲಿ ಕೂತವನೂ ಚನ್ನಗಿರಿ ತಾಲ್ಲೂಕಿನ ಅಂಗಡಿಗೆ ಕೂಗಬಹುದು.